ಗಾಳಿ ಇದ್ದ ನೀರು

"ಇದನ್ನ ಹಿಡೀರಿ," ಎಂದು ಮೀನುಗಾರಿಕೆ ಲ್ಯಾಬಿನ ಡಾಕ್ಟರ್ ಅಮೃತಾ ಚಿಮುಟವನ್ನು ಪಿಎಸ್‌ಐ ಶೋಭಾರಾಣಿಯ ಕೈಗೆ ಕೊಟ್ಟಳು. "ಗಟ್ಟಿ ಹಿಡೀರಿ. ಸತ್ತೈತಿ, ಕಡಿಯಂಗಿಲ್ಲ."

ಬಿಳಿ ತಟ್ಟೆಯಲ್ಲಿ ಒಂದು ಸೀಗಡಿ ಇತ್ತು, ಬೆರಳುದ್ದದ್ದು. ಅಮೃತಾ ಕತ್ತರಿಯ ತುದಿಯನ್ನು ಅದರ ತಲೆಯ ಪಕ್ಕದ ಚಿಪ್ಪಿನೊಳಗೆ ತೂರಿಸಿ, ಸೇಂಗಾ ಸಿಪ್ಪೆ ಬಿಡಿಸುವಷ್ಟೇ ಸಲೀಸಾಗಿ ಎತ್ತಿ ತೆಗೆದಳು. ಒಳಗೆ ಹಕ್ಕಿಯ ಪುಕ್ಕದಂಥ ಎಳೆಗಳು. ಬುಡದಲ್ಲಿ ಕಂದು, ತುದಿಯಲ್ಲಿ ಮಸಿ.

"ಇವು ಕಿವಿರು. ಇದ್ರಿಂದನ ಉಸಿರಾಡ್ತಾವ. ಛಲೋ ಇದ್ದಾಗ ಬೆಳ್ಳಗೆ, ಬಿಡಿಬಿಡಿ ಇರ್ತಾವ. ಇವು ನೋಡ್ರಿ, ಊದಿ ಒಂದಕ್ಕೊಂದು ಅಂಟಿಕೊಂಡಾವ."

"ಉಸಿರುಗಟ್ಟಿ ಸತ್ತಾವ ಅಂದಂಗಾತು."

"ಹೌದು."

"ಹಂಗಾದ್ರ ನಮ್ಮ ಕೇಸು ಸರಿ ಐತಲ್ಲ, ಡಾಕ್ಟ್ರ."

ಅಮೃತಾ ಕೈತೊಳೆಯಲು ಹೋದಳು.

ಕೇಸು ಇಷ್ಟೇ. ಮಂಗಳವಾರ ಬೆಳಿಗ್ಗೆ, ಗಂಗಾವತಿ ಸೀಮೆಯ ಕಾಲುವೆ ಕೊನೆಗಿರುವ ಹತ್ತೊಂಬತ್ತನೇ ತೂಬಿನ ಕ್ಯಾಂಪಿನಲ್ಲಿ, ಗಾದಿಲಿಂಗಪ್ಪನ ಹೊಂಡದ ಸೀಗಡಿಗಳೆಲ್ಲ ಸತ್ತು ತೇಲಿದ್ದವು. ಅವುಗಳ ನಡುವೆ ಹೊಂಡ ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ ಗಾಳೇಶನ ಹೆಣ ತೇಲಿತ್ತು. ನೀರಿಗೆ ಗಾಳಿ ತುಂಬುವ ಏರೇಟರ್ ಚಕ್ರಗಳ ಸ್ವಿಚ್ ಬಂದ್ ಆಗಿತ್ತು. ಸೋಮವಾರ ಸಂಜೆ ಗಾಳೇಶನಿಂದ ಬೈಸಿಕೊಂಡಿದ್ದ ಕೂಲಿಯಾಳು ಮಲ್ಲೇಶ ಸಿಟ್ಟಿಗೆ ಸ್ವಿಚ್ ಆರಿಸಿದ, ತಡೆಯಲು ಬಂದ ಗಾಳೇಶನನ್ನು ಹೊಡೆದು ಹೊಂಡಕ್ಕೆ ತಳ್ಳಿದ. ಬುಧವಾರ ಸಂಜೆ ಐದೂವರೆಗೆ ಶೋಭಾರಾಣಿ ಅವನನ್ನು ಬಂಧಿಸಿದ್ದಳು. ಅವನು ಒಪ್ಪಿಕೊಂಡಿದ್ದ.

ಇವತ್ತು ಗುರುವಾರ. ಸಂಜೆ ಐದೂವರೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

"ಏರೇಟರ್ ಬಂದ್ ಆಗಿ ಸತ್ರ ಕಿವಿರು ಕಪ್ಪಾಗಂಗಿಲ್ರಿ," ಎಂದಳು ಅಮೃತಾ, ಟವೆಲ್ಲಿಗೆ ಕೈ ಒರೆಸುತ್ತ. "ಗಾಳಿ ಕಡಿಮಿ ಆದ್ರ ಒಂದೆರಡು ತಾಸಿನಾಗ ಮ್ಯಾಲ ಬರ್ತಾವ, ಸಾಯ್ತಾವ. ಕಿವಿರು ಬೆಳ್ಳಗೇ ಇರ್ತೈತಿ. ಇದು ತಾಮ್ರ. ನಾಕೈದು ದಿನದಿಂದ ನೀರಿನಾಗ ತಾಮ್ರ ಬಂದೈತಿ. ನೀರಿನಾಗ ಗಾಳಿ ಇತ್ತು. ಇವುಗಳಿಗೆ ಅದನ್ನ ತಗೊಳ್ಳಾಕ ಆಗಲಿಲ್ಲ."

"ತಾಮ್ರ?"

"ತಮಾಷೆ ಏನಂದ್ರ, ಇವುಗಳ ರಕ್ತದಾಗ ತಾಮ್ರನ ಇರ್ತೈತಿ. ನಮ್ಮ ರಕ್ತಕ್ಕ ಕಬ್ಬಿಣ ಇದ್ದಂಗ. ಅದು ಇಲ್ಲದ ಬದುಕಂಗಿಲ್ಲ, ಸ್ವಲ್ಪ ಹೆಚ್ಚಾದ್ರ ಉಳಿಯಂಗಿಲ್ಲ. ಸಮುದ್ರದಾಗಿದ್ರ ಇನ್ನೂ ನಾಕು ದಿನ ತಡೀತಿದ್ವು. ಇಲ್ಲಿ ಸವುಳು ನೆಲದ ನೀರು, ಉಪ್ಪು ಕಡಿಮಿ. ಉಪ್ಪು ಕಡಿಮಿ ಇದ್ದಷ್ಟೂ ವಿಷ ಜಾಸ್ತಿ ಏರ್ತೈತಿ."

ಕಿಟಕಿಯ ಹತ್ತಿರ ಎರಡು ಗಾಜಿನ ಜಾಡಿಗಳಿದ್ದವು. ಎರಡರಲ್ಲೂ ಸಣ್ಣ ಪಂಪಿನಿಂದ ಗುಳ್ಳೆಗಳು ಏಳುತ್ತಿದ್ದವು. ಎರಡರಲ್ಲೂ ಒಂದೊಂದು ಜೀವಂತ ಸೀಗಡಿ. ಎಡಗಡೆಯದು ತಳದಲ್ಲಿ ಆರಾಮಾಗಿ ನಡೆಯುತ್ತಿತ್ತು. ಬಲಗಡೆಯದು ನೀರಿನ ಮೇಲ್ಮೈಗೆ ಮೂತಿ ಒತ್ತಿಕೊಂಡು, ಹೊಟ್ಟೆಯ ಕೆಳಗಿನ ಕಾಲುಗಳನ್ನು ಹುಚ್ಚು ಹಿಡಿದಂತೆ ಆಡಿಸುತ್ತಿತ್ತು. ಗುಳ್ಳೆಗಳು ಅದರ ಮೈಮೇಲೇ ಒಡೆಯುತ್ತಿದ್ದವು.

"ಬಲಗಡೆ ಜಾಡಿಗೆ ನಿನ್ನೆ ತಾಮ್ರ ಹಾಕೀನಿ," ಎಂದು ಅಮೃತಾ ಪೇಪರಿನ ಪೊಟ್ಟಣ ಬಿಚ್ಚಿ ಮಂಡಕ್ಕಿ ತಿನ್ನತೊಡಗಿದಳು. "ತಗೋರಿ, ಮಿರ್ಚಿನೂ ಐತಿ."

"ಎಷ್ಟು ಹೊತ್ತು ಉಳೀತೈತಿ?"

"ಸಂಜಿ ತನಕ."

"ಈಗ ತಗದು ಛಲೋ ನೀರಿಗೆ ಹಾಕಿದ್ರ?"

"ಕಿವಿರು ಸುಟ್ಟ ಮ್ಯಾಲ ನೀರು ಬದಲಿಸಿ ಏನ್ ಮಾಡ್ತೀರಿ, ಮೇಡಂ."

ಅಮೃತಾ ಇನ್ನೊಂದು ವಸ್ತುವನ್ನು ಮುಂದೆ ತಳ್ಳಿದಳು. ಹೊಂಡದ ಶೆಡ್ಡಿನಿಂದ ಪೊಲೀಸರೇ ತಂದುಕೊಟ್ಟಿದ್ದ ನೋಟ್‌ಬುಕ್ಕು, ಸತ್ತ ಗಾಳೇಶನ ಅಕ್ಷರ. ಸೀಗಡಿಗಳು ಮೇವು ತಿಂದವೋ ಇಲ್ಲವೋ ಎಂದು ತಿಳಿಯಲು ತಟ್ಟೆಯಲ್ಲಿ ಮೇವಿಟ್ಟು ನೀರಿಗೆ ಇಳಿಬಿಟ್ಟು, ಎರಡು ತಾಸಿಗೆ ಎತ್ತಿ ನೋಡುತ್ತಾರೆ. ಗುರುವಾರ: ತಟ್ಟೆ ಖಾಲಿ. ಶುಕ್ರವಾರ: ಅರ್ಧ ಉಳಿದಿದೆ. ಶನಿವಾರ: ಮುಕ್ಕಾಲು ಉಳಿದಿದೆ. ಭಾನುವಾರ, ಸೋಮವಾರ: ಮುಟ್ಟಿಲ್ಲ.

ಶೋಭಾರಾಣಿ ಆ ಪುಟವನ್ನು ಎರಡು ಸಲ ಓದಿದಳು. ಮಂಗಳವಾರವೇ ಈ ಪುಸ್ತಕ ಅವಳ ಕೈಗೆ ಬಂದಿತ್ತು. ಮೇವಿನ ಪುಸ್ತಕ ಎಂದು ಬದಿಗಿಟ್ಟಿದ್ದಳು.

ಮಲ್ಲೇಶ ಹಿಂದಿನ ಬುಧವಾರ ರಜೆ ಹಾಕಿ ಊರಿಗೆ ಹೋಗಿದ್ದ. ವಾಪಸು ಬಂದದ್ದು ಸೋಮವಾರ ಮಧ್ಯಾಹ್ನ.

ಹೊಂಡಕ್ಕೆ ವಿಷ ಇಳಿಯುವಾಗ ಅವನು ನೂರು ಕಿಲೋಮೀಟರ್ ಆಚೆ ಇದ್ದ.

*

ಠಾಣೆಯ ಮೆಟ್ಟಿಲ ಮೇಲೆ ಮಲ್ಲೇಶನ ಹೆಂಡತಿ ಫಕೀರಮ್ಮ ಕೂತಿದ್ದಳು, ತೊಡೆಯ ಮೇಲೆ ರೊಟ್ಟಿಯ ಗಂಟು. ಬೆಳಿಗ್ಗೆ ಯಲಬುರ್ಗಾ ತಾಲೂಕಿನ ಮಂಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು.

"ರೊಟ್ಟಿ ಒಳಗ ಬಿಡವಲ್ರು, ಮೇಡಮ್ಮಾರ."

"ಬಿಡ್ತಾರ. ನಿನ್ನ ಗಂಡ ಊರಾಗ ಏನ್ ಮಾಡ್ತಿದ್ದ, ಹೋದ ವಾರ?"

"ಕಡ್ಲಿ ಕೀಳತಿದ್ದ್ರಿ. ಐದು ದಿನ. ನಾನೂ ಅವನೂ." ಅವಳು ಎರಡೂ ಅಂಗೈ ಚಾಚಿದಳು. ಚರ್ಮ ಸುಲಿದು ಕೆಂಪಾಗಿತ್ತು.

ಶೋಭಾರಾಣಿ ಒಳಗೆ ಹೋದಳು.

ಕಡಲೆ ಗಿಡದ ಮೇಲೆ ಹುಳಿ ಇರುತ್ತದೆ. ಬರಿಗೈಯಿಂದ ಐದು ದಿನ ಕಿತ್ತರೆ ಅಂಗೈ ಸುಲಿಯುತ್ತದೆ. ಮಲ್ಲೇಶನ ಅಂಗೈ ಹೀಗೇ ಸುಲಿದಿದ್ದನ್ನು ಅವಳು ಬುಧವಾರ ನೋಡಿದ್ದಳು. ಹೊಡೆದಾಟದ ಗಾಯ ಎಂದು ಪಂಚನಾಮೆಯಲ್ಲಿ ಬರೆಸಿದ್ದಳು. ಅವಳು ತಳಕಲ್ಲಿನವಳು, ಹತ್ತನೇ ತರಗತಿ ಮುಗಿಯುವ ತನಕ ಪ್ರತಿ ಮಾಗಿಯಲ್ಲಿ ಅವಳ ಕೈಯೂ ಹೀಗೇ ಇರುತ್ತಿತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ. ಆಗ ಅವಳ ಕೇಸಿಗೆ ಗಾಯ ಬೇಕಾಗಿತ್ತು.

ಮಲ್ಲೇಶ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಊದಿದ್ದವು. ಅವಳನ್ನು ಕಂಡು ಏಳಲು ಹೋಗಿ, ಆಗದೆ, ಮೊಣಕಾಲೂರಿ ನಿಂತ.

"ಕೂಡು."

"ಇರ್ಲಿರಿ."

"ಕೂಡು ಅಂದೆ."

ಕೂತ.

"ಏರೇಟರ್ ನೀನ ಬಂದ್ ಮಾಡಿದಿ?"

"ಮಾಡೀನ್ರಿ."

"ಅದರಿಂದ ಸೀಗಡಿ ಸತ್ತಿಲ್ಲ ಅಂತಾರ ಲ್ಯಾಬಿನವರು."

"ಹಂಗಾದ್ರ ಮಾಡಿಲ್ರಿ."

"ಖರೆ ಯಾವುದು?"

ಅವನು ಅವಳ ಮುಖ ನೋಡಲಿಲ್ಲ, ಮೂಲೆಯಲ್ಲಿ ಒರಗಿಸಿದ್ದ ಲಾಠಿ ನೋಡಿದ. "ನೀವು ಯಾವುದು ಬರಕೊಂಡೀರಿ, ಅದ್ರಿ."

"ಗಾಳೇಶನ್ನ ಹೊಡದಿ?"

"ಹೂನ್ರಿ."

"ಯಾವುದ್ರಿಂದ?"

"ನಿನ್ನೆ ಹೇಳಿದ್ದರಿಂದನರಿ. ಅದೇನ್ ಹೇಳೀನ್ರಿ ನಿನ್ನೆ?"

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಶಬ್ಬೀರಸಾಬ ತಲೆ ತಗ್ಗಿಸಿದ. ನಿನ್ನೆ ಲಾಠಿ ಹಿಡಿದದ್ದು ಅವನಲ್ಲ, ಶೋಭಾರಾಣಿ. ಅಂಗಾಲಿಗೆ ಎಣಿಸಿ ಹೊಡೆದಿದ್ದಳು. ಗಾಳೇಶನ ತಂದೆ ಠಾಣೆಯ ಮುಂದೆ ಮಣ್ಣಲ್ಲಿ ಹೊರಳಾಡಿ ಅಳುತ್ತಿದ್ದ, ಮೇಲಿನಿಂದ ಫೋನಿನ ಮೇಲೆ ಫೋನು ಬರುತ್ತಿತ್ತು, ಇವನು ಎದುರಿಗೆ ಸಿಕ್ಕಿದ್ದ. ಹದಿನೆಂಟನೇ ಏಟಿಗೆ ಒಪ್ಪಿಕೊಂಡಿದ್ದ.

"ಕೈ ಚಾಚು."

ಅಂಗೈ ಸುಲಿದಿತ್ತು. ಉಗುರಿನ ಸಂದಿಯಲ್ಲಿ ಬೇರೆ ಏನೋ ಇತ್ತು: ನೀಲಿ-ಹಸಿರು ಬಣ್ಣದ ಸಣ್ಣ ಗೆರೆ, ಹಳೇ ತಾಮ್ರದ ಕೊಡಕ್ಕೆ ಕಟ್ಟುವ ಕಿಲುಬಿನಂಥದ್ದು.

"ಇದೇನು?"

"ಸೋಮವಾರ ಸಂಜಿಮುಂದ, ಧಣಿ ಹೊಂಡಕ್ಕ ನೀರು ಬಿಡೋ ಪೈಪಿನ ಬಾಯಾಗಿಂದ ಒಂದು ಗೋಣಿ ಗಂಟು ತಗಿ ಅಂದ್ರು. ತಗದು ಹಳ್ಳಕ್ಕ ಒಗದೆ."

"ಧಣಿ ಅಂದ್ರ ಗಾದಿಲಿಂಗಪ್ಪ?"

"ಹೌದ್ರಿ."

"ಗಂಟಿನಾಗ ಏನಿತ್ತು?"

"ನಂಗೊತ್ತಿಲ್ರಿ. ನಮ್ಮ ಕಡೆ ಅಂಥಾದ್ದು ಇಲ್ಲ. ನೀಲಿ ನೀರು ಸೋರತಿತ್ತು."

"ನಿನ್ನೆ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಶೋಭಾರಾಣಿ ಬಾಗಿ ಅವನ ಉಗುರುಗಳನ್ನು ಮತ್ತೊಮ್ಮೆ ನೋಡಿದಳು. ಅದು ಅವನನ್ನು ಹೆದರಿಸಿತು. ಅವಸರದಿಂದ ಮುಂದೆ ಬಾಗಿದ.

"ಅದು ವಿಷ ಏನ್ರಿ?"

"ಹೌದು. ಅದರಿಂದನ ಸೀಗಡಿ ಸತ್ತಾವ."

"ಹಂಗಾದ್ರ ಅದನ್ನೂ ನಾನ ಕಟ್ಟೀನಿ ಅಂತ ಬರಕೊಳ್ರಿ, ಮೇಡಂ. ಕಾಲಿಗಿ ಮಾತ್ರ ಬ್ಯಾಡ್ರಿ."

*

ಶೋಭಾರಾಣಿ ಶಬ್ಬೀರಸಾಬನನ್ನು ಕರೆದುಕೊಂಡು ಜೀಪಿನಲ್ಲಿ ಹೊಂಡದ ಕಡೆ ಹೊರಟಳು. ಎರಡೂ ಬದಿಗೆ ಹೊಸದಾಗಿ ನಾಟಿ ಮಾಡಿದ ಗದ್ದೆಗಳು.

"ಸಾಬ್ರ, ಅವನನ್ನ ಸಾಕ್ಷಿ ಮಾಡಬಹುದಾ?"

"ಯಾವುದಕ್ಕ ರೀ? ಎಡಕ್ಕ ಕೇಳಿದ್ರ ಹೂಂ ಅಂತಾನ, ಬಲಕ್ಕ ಕೇಳಿದ್ರ ಹೂಂ ಅಂತಾನ. ಸಾಕ್ಷಿ ಅಂದ್ರ ಇಲ್ಲ ಅನ್ನಾಕೂ ಬರಬೇಕಲ್ರಿ." ಶಬ್ಬೀರಸಾಬ ಇಪ್ಪತ್ತಾರು ವರ್ಷ ಸರ್ವೀಸು ಮಾಡಿದವನು, ಮೇಲಧಿಕಾರಿಗೆ ಎಷ್ಟು ಹೇಳಬೇಕು ಎಂಬುದು ಗೊತ್ತಿತ್ತು. ಇವತ್ತು ಸ್ವಲ್ಪ ಹೆಚ್ಚೇ ಹೇಳಿದ.

ಹೊಂಡ ಬರಿದಾಗಿತ್ತು. ಸತ್ತ ಸೀಗಡಿಗಳನ್ನು ಜೆಸಿಬಿಯಿಂದ ಬದುವಿನಾಚೆ ರಾಶಿ ಹಾಕಿ ಮೇಲೆ ಸುಣ್ಣ ಸುರಿದಿದ್ದರು. ಸುಣ್ಣವನ್ನು ಕೆದರಿ ಕಾಗೆಗಳು ತಿನ್ನುತ್ತಿದ್ದವು. ನಾತಕ್ಕೆ ಶೋಭಾರಾಣಿ ಮೂಗಿಗೆ ಕರವಸ್ತ್ರ ಹಿಡಿದಳು. ಶಬ್ಬೀರಸಾಬ ಹಾಗೇ ನಡೆದ.

ನೀರು ಬರುವ ಪೈಪು ಪೂರ್ವದ ಬದುವಿನಲ್ಲಿತ್ತು. ಅದರ ಬಾಯಿಗೆ ಒಂದು ತುಂಡು ಸೆಣಬಿನ ಹಗ್ಗ ಇನ್ನೂ ಬಿಗಿದಿತ್ತು. ಒಣಗಿ ನೀಲಿಯಾಗಿತ್ತು.

ಶೋಭಾರಾಣಿ ಮೊಬೈಲು ತೆಗೆದು ಮಂಗಳವಾರದ ಫೋಟೋಗಳನ್ನು ನೋಡಿದಳು. ಇದೇ ಪೈಪು, ಇದೇ ಹಗ್ಗ. ನೀಲಿ ಎದ್ದು ಕಾಣುತ್ತಿತ್ತು. ಕಸ ಒಳಗೆ ಹೋಗದಿರಲೆಂದು ಏನೋ ಕಟ್ಟಿದ್ದಾರೆ ಎಂದುಕೊಂಡು ಮುಂದಿನ ಫೋಟೋ ತೆಗೆದಿದ್ದಳು.

"ನೀವು ಮಳಿ ನಂಬಿದ ಊರವ್ರು, ಮೇಡಂ. ನಿಮಗಿದು ತಿಳಿಯಂಗಿಲ್ಲ." ಶಬ್ಬೀರಸಾಬ ಕುಕ್ಕರಗಾಲಲ್ಲಿ ಕೂತು, ಹಗ್ಗ ಮುಟ್ಟದೆ, ಮೂಸಿ ನೋಡಿದ. "ನಾನಾದ್ರೂ ಮಂಗಳವಾರ ಇತ್ತ ಬಂದಿದ್ರ ಹೇಳತಿದ್ದೆ. ನನ್ನ ನೀವು ಗೇಟಿನ್ಯಾಗ ನಿಂದ್ರಿಸಿದ್ರಿ. ಇದು ಮೈಲುತುತ್ತ."

"ಅದು ತಾಮ್ರದ್ದ ಅಲ್ಲೇನು. ಇಲ್ಲಿ ಯಾಕ ಕಟ್ತಾರ?"

"ಗದ್ದ್ಯಾಗ ನಾಟಿ ಆದಮ್ಯಾಲ ಪಾಚಿ ಕಟ್ಟತೈತಿ. ಅರಿವಿ ಹಾಸಿದಂಗ. ಸಸಿ ಉಸಿರಾಡಾಕ ಬಿಡಂಗಿಲ್ಲ. ಆವಾಗ ಮೈಲುತುತ್ತ ಗೋಣಿಚೀಲದಾಗ ಗಂಟು ಕಟ್ಟಿ ನೀರು ಬರೋ ಬಾಯಿಗಿ ಬಿಗೀತಾರ. ನೀರು ಅದರ ಮ್ಯಾಲ ಹಾದು ಬರ್ತೈತಿ, ಸಾವಕಾಶ ಕರಗ್ತೈತಿ, ಪಾಚಿ ಸಾಯ್ತೈತಿ. ನಮ್ಮಮ್ಮ ನೂರಜಾನಬಿ ಪ್ರತಿ ಬೆಳಿಗಿ ಕಟ್ಟತಿದ್ಲು."

ಅವನು ಎದ್ದು ಮೊಣಕಾಲು ತಟ್ಟಿಕೊಂಡ.

"ಒಂದು ಮಾತು ಹೇಳ್ಲಿ? ಇದು ವಿಷ ಹಾಕವ್ರ ಕೆಲಸ ಅಲ್ರಿ. ಕೊಲ್ಲಾಕ ಬಂದವ ಬಕೀಟು ತುಂಬಿ ಒಮ್ಮಿಗೇ ಸುರೀತಾನ, ಓಡ್ತಾನ. ಗಂಟು ಕಟ್ಟಿ, ನಾಕು ದಿನ ಕರಗಲಿ ಅಂತ ಕಾಯವ ಬೆಳಿ ಉಳಸಾಕ ಬಂದವ."

"ಈ ಮನ್ಯಾಗ ಹಂಗ ಕಟ್ಟೋರು ಯಾರು?"

"ಗಾದಿಲಿಂಗಪ್ಪ ಹುಟ್ಟಿದಾಗಿಂದ ಕೆಸರಿಗೆ ಕಾಲಿಟ್ಟವಲ್ಲ. ಸತ್ತ ಹುಡುಗ ಓದಿದವ, ಅವ ಕಟ್ಟಂಗಿಲ್ಲ. ಮಲ್ಲೇಶಗ ಅದು ಏನಂತನ ಗೊತ್ತಿಲ್ಲ." ಶಬ್ಬೀರಸಾಬ ಬದುವಿನಾಚೆಯ ಮನೆಯ ಕಡೆ ನೋಡಿದ. "ಗಾದಿಲಿಂಗಪ್ಪನ ಅವ್ವ, ಮುದುಕಿ ಮಾರೆವ್ವ. ಈ ಹೊಂಡ ತೋಡೋಕಿಂತ ಮೊದಲ ಇಲ್ಲೆಲ್ಲ ಆಕಿದ ಗದ್ದಿ ಇತ್ತು."

ಶೋಭಾರಾಣಿ ಗಡಿಯಾರ ನೋಡಿದಳು. ಎರಡು ಐವತ್ತು.

*

ಮಾರೆವ್ವ ಅಂಗಳದಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಎಷ್ಟೋ ವರ್ಷ ಬಗ್ಗಿ ನಾಟಿ ಮಾಡಿದ ಬೆನ್ನು ಕೂತಾಗಲೂ ಬಗ್ಗಿಯೇ ಇತ್ತು.

"ಬಾ ತಂಗಿ. ಪೊಲೀಸ ಆದ್ರೂ ಹೆಣ್ಮಗಳಲ್ಲ, ಕೂಡು. ಸಾಬಣ್ಣ, ನೀನೂ ಕೂಡಪ. ಗಾದಿಲಿಂಗ ಮನ್ಯಾಗಿಲ್ಲ. ಕಾರಟಗಿಗೆ ಹೋಗ್ಯಾನ."

"ನಿಮ್ಮನ್ನ ನೋಡಾಕ ಬಂದೀನಿ, ಯವ್ವಾ."

"ನನ್ನಂಥಾಕಿನ್ನ ಏನ್ ನೋಡ್ತಿ. ಯಾವೂರು?"

"ತಳಕಲ್ಲು."

"ಜ್ವಾಳದ ನಾಡು. ಅದಕ್ಕ ಹಿಂಗ ಒಣಗಿದಿ." ಮಾರೆವ್ವ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ ಇದ್ದವು. "ನಿಮ್ಮ ಕಡೇವ್ರಿಗಿ ನೀರು ಅಂದ್ರ ಕುಡ್ಯಾಕ ಅಷ್ಟ. ನೀರಿನಾಗ ಬೆಳಿ ತಗಿಯೋದು ಬ್ಯಾರೆ ವಿದ್ಯೆ."

"ಅದನ್ನ ಕೇಳಾಕ ಬಂದೀನಿ. ನೀರು ಹಸರ ಆದ್ರ ಏನ್ ಮಾಡ್ತಾರ?"

"ಮೈಲುತುತ್ತ ಕಟ್ಟತಾರ. ಸಣ್ಣ ಹುಡುಗ್ರಿಗೂ ಗೊತ್ತಿರೋದು."

"ಹೊಂಡದ ನೀರೂ ಹಸರ ಆಗಿತ್ತೇನು?"

"ಗಿಣಿ ಹಸರ. ದಿನಾ ನೋಡತಿದ್ದೆ, ಕರುಳು ಚುರ್ರ್ ಅಂತಿತ್ತು. ಆ ಹುಡುಗ ಗಾಳೇಶಗ ಹೇಳಿದ್ರ, ಹಸರ ಇರ್ಲಿ ಬಿಡಜ್ಜಿ, ಹಸರ ಇದ್ರನ ರೊಯ್ಯಗ ಛಲೋ ಅಂತಿದ್ದ." ಸೀಗಡಿಗೆ ಈ ಕ್ಯಾಂಪುಗಳಲ್ಲಿ ರೊಯ್ಯ ಎಂದೇ ಹೆಸರು. "ಪಾಚಿ ಛಲೋ ಅಂತ. ಓದಿದವ್ರ ಬುದ್ಧಿ. ಅವ ಹೋದ ಗುರುವಾರ ಮೇವು ತರಾಕ ಸಿಂಧನೂರಿಗೆ ಹೋದಾಗ ನಾನ ಕಟ್ಟಿದೆ. ಗದ್ದಿಗಾದ್ರ ಒಂದು ಸೇರು. ಹೊಂಡ ದೊಡ್ಡದು ಅಂತ ಮೂರು ಹಾಕಿದೆ."

ಹೇಳಿ ಮುಗಿಸಿದವಳು ಅಕ್ಕಿಯಿಂದ ಒಂದು ಹರಳು ಎತ್ತಿ ಒಗೆದಳು. ಮುಖದಲ್ಲಿ ಅಳುಕಿರಲಿಲ್ಲ.

"ಆ ಗಂಟಿನಿಂದನ ರೊಯ್ಯ ಸತ್ತಾವ, ಯವ್ವಾ. ಉಸಿರಾಡಾಕ ಆಗದ ಸತ್ತಾವ."

"ಗೊತ್ತೈತಿ."

ಶೋಭಾರಾಣಿ ಇದನ್ನು ನಿರೀಕ್ಷಿಸಿರಲಿಲ್ಲ.

"ಆ ಹುಡುಗನ ಹೇಳಿದ. ಸೋಮವಾರ ಪೈಪಿನ್ಯಾಗ ಗಂಟು ನೋಡಿ ಕುಣದಾಡಿದ. ಹತ್ತು ಮಂದಿ ಕೂಲಿಯವರು ನಿಂತಿದ್ರು. ಅವರ ಮುಂದ ನನ್ನ ಕೈ ಹಿಡದು ಎಳಕೊಂಡು ಹೋಗಿ ಹೊಂಡ ತೋರ್ಸಿದ. 'ನೋಡು ಮುದುಕಿ, ಸಾಯೋ ವಯಸ್ಸಿನಾಗ ನಾಕು ಲಕ್ಷ ಜೀವ ತಿಂದಿ' ಅಂದ." ಮಾರೆವ್ವನ ಧ್ವನಿ ಏರಲಿಲ್ಲ. "ಈ ನೆಲದಾಗ ಐವತ್ತು ವರ್ಷ ನಾಟಿ ಹಚ್ಚೀನಿ. ನನಗ ಯಾರೂ ಅಂಥಾ ಮಾತು ಅಂದಿದ್ದಿಲ್ಲ. ನನ್ನ ಗಂಡನೂ ಅಂದಿಲ್ಲ."

"ನಿಮ್ಮ ಮಗ ಅಲ್ಲೇ ಇದ್ರಾ?"

"ಇದ್ದಿಲ್ಲ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಗಂಟು ತಗಿ ಅಂತ ಮಲ್ಲೇಶಗ ಹೇಳಿದವ್ರು ನಿಮ್ಮ ಮಗನ."

"ಆಮ್ಯಾಲ ಬಂದಿರಬೇಕು."

"ಬಂದವ ಕೇಳಿರಬೇಕಲ್ಲ. ತಾಯಿಗೆ ಹಂಗ ಅಂದದ್ದು ಮಗನ ಕಿವಿಗೆ ಬಿದ್ದಿರಬೇಕಲ್ಲ. ಹತ್ತು ಮಂದಿ ಕೂಲಿಯವ್ರು ಸುಮ್ನ ಇರತಾರೇನು, ಯವ್ವಾ?"

ಮಾರೆವ್ವ ಮೊರವನ್ನು ಕೆಳಗಿಟ್ಟಳು. ಶೋಭಾರಾಣಿಯ ಸಮವಸ್ತ್ರದ ಗುಂಡಿಗಳನ್ನು ಒಂದೊಂದಾಗಿ ನೋಡಿದಳು, ಆಮೇಲೆ ಮುಖ ನೋಡಿದಳು.

"ಆ ಹುಡುಗನ್ನ ನಾನ ಹೊಡದೆ."

"ಯಾವುದ್ರಿಂದ?"

"ಸಲಕಿಲೆ."

"ಎಲ್ಲಿಗಿ?"

"ಹಣಿಗೆ. ಬಿದ್ದ. ನೀರಿಗೆ ನೂಕಿದೆ."

ಪೋಸ್ಟ್‌ಮಾರ್ಟಮ್ ವರದಿ ಶೋಭಾರಾಣಿಗೆ ಬಾಯಿಪಾಠವಾಗಿತ್ತು. ಏಟು ಬಿದ್ದದ್ದು ಬಲಗಿವಿಯ ಹಿಂದೆ, ದುಂಡನೆಯ ಕಬ್ಬಿಣದ ಪೈಪಿನಂಥ ವಸ್ತುವಿನಿಂದ. ಗಾಳೇಶ ಆರಡಿ ಎತ್ತರ. ಮಾರೆವ್ವನ ತಲೆ ಅವನ ಎದೆಗೆ ಬರುತ್ತಿರಲಿಲ್ಲ.

"ತೋಳು ಎತ್ತಿ ತೋರಿಸ್ರಿ, ಹೆಂಗ ಹೊಡದ್ರಿ."

ತೋಳು ಭುಜದ ಮಟ್ಟಕ್ಕೂ ಏಳಲಿಲ್ಲ. ಮುದುಕಿಯ ತುಟಿ ನೋವಿಗೆ ಬಿಗಿಯಿತು. ಮತ್ತೊಮ್ಮೆ ಪ್ರಯತ್ನಿಸಿದಳು. ಏಳಲಿಲ್ಲ.

"ಅವತ್ತು ಎದ್ದಿತ್ತು," ಎಂದಳು.

ಗಂಟು ಕಟ್ಟಿದ್ದು ನಿಜ. ಹೊಡೆದದ್ದು ಸುಳ್ಳು; ಹೊಡೆದವನೇ ಗಂಟಿನ ಸುಳಿವು ಮುಚ್ಚಲು ಏರೇಟರನ್ನೂ ಆರಿಸಿರಬೇಕು. ಮಗನಿಗೆ ಬರಬೇಕಾದದ್ದನ್ನು ಎಳೆದು ತನ್ನ ಮೈಮೇಲೆ ಹಾಕಿಕೊಳ್ಳುತ್ತಿದ್ದಾಳೆ. ಶೋಭಾರಾಣಿಗೆ ಇದು ಸ್ಪಷ್ಟವಿತ್ತು. ಅಷ್ಟೇ ಸ್ಪಷ್ಟವಾಗಿ ಇನ್ನೊಂದು ಲೆಕ್ಕವೂ ಹೊಳೆಯಿತು. ಒಂದೇ ಕೊಲೆಯನ್ನು ಇಬ್ಬರು ಒಪ್ಪಿಕೊಂಡರೆ ಯಾವ ನ್ಯಾಯಾಧೀಶರೂ ಮಲ್ಲೇಶನನ್ನು ಕಣ್ಣು ಮುಚ್ಚಿ ಜೈಲಿಗೆ ಕಳಿಸುವುದಿಲ್ಲ. ಈ ಕಾಗದ ಐದೂವರೆಗೆ ಕೋರ್ಟಿನಲ್ಲಿದ್ದರೆ ಸಾಕು. ಸುಳ್ಳೋ ನಿಜವೋ ನಾಳೆ ನೋಡಿಕೊಳ್ಳಬಹುದು.

"ಸಾಬ್ರ, ಬರೀರಿ."

ಶಬ್ಬೀರಸಾಬ ಪೆನ್ನು ತೆಗೆಯಲಿಲ್ಲ. "ಮೇಡಂ, ಎಪ್ಪತ್ತು ವರ್ಷದಾಕಿ. ಆ ತೋಳು ನೋಡಿದ್ರಲ್ಲ."

"ಬರೀರಿ."

ಬರೆದ. ಗುರುವಾರ ಗಂಟು ಕಟ್ಟಿದ್ದು, ಸೋಮವಾರ ಬೈಸಿಕೊಂಡದ್ದು, ಸಲಿಕೆ, ಹಣೆ, ನೀರು. ಓದಿ ಹೇಳಿದ. ಮಾರೆವ್ವ ಪ್ರತಿ ಸಾಲಿಗೂ ತಲೆ ಆಡಿಸಿದಳು. 'ನನ್ನ ಮಗನಿಗೆ ಇದೇನೂ ಗೊತ್ತಿಲ್ಲ' ಎಂಬ ಸಾಲನ್ನು ಮಾತ್ರ ಎರಡು ಸಲ ಓದಿಸಿದಳು.

ಶಾಯಿಯ ಡಬ್ಬಿ ತೆರೆದರು. ಮುದುಕಿ ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಆಗ ಶೋಭಾರಾಣಿಯ ಫೋನು ಬಡಿದುಕೊಂಡಿತು. ಠಾಣೆಯಿಂದ, ಕಾನ್‌ಸ್ಟೇಬಲ್ ಮೆಹಜಬೀನ.

"ಮೇಡಂ, ಮಲ್ಲೇಶನ್ನ ಕೋರ್ಟಿಗೆ ಹಾಜರ ಮಾಡಿ ಆತ್ರಿ."

"ಯಾರು? ಐದೂವರಿ ತನಕ ಟೈಮ್ ಐತಿ."

"ಸಿಪಿಐ ಸಾಹೇಬ್ರಿ. ಅವ್ರಿಗೆ ನಾಕಕ್ಕ ಕೊಪ್ಪಳದಾಗ ಮೀಟಿಂಗ್ ಐತಂತ. ಎರಡಕ್ಕ ಕರಕೊಂಡು ಹೋದ್ರು. ನಾನ ಜೊತಿಗಿದ್ದೆ. ಪೊಲೀಸ್ರು ಹೊಡದಾರೇನು ಅಂತ ಜಡ್ಜ್ ಸಾಹೇಬ್ರು ಕೇಳಿದ್ರು. ಇಲ್ರಿ ಅಂದ. ಕಾಲಿಗೇನಾಗೈತಿ ಅಂದ್ರು. ಕಡ್ಲಿ ಹೊಲದಾಗ ಬಿದ್ದೀನ್ರಿ ಅಂದ. ಏನರ ಹೇಳೋದೈತೇನು ಅಂದ್ರು."

"ಏನಂದ?"

"'ನಾನ ಕೊಂದೀನ್ರಿ, ಪೈಪಿಗೆ ವಿಷದ ಗಂಟೂ ನಾನ ಕಟ್ಟೀನ್ರಿ' ಅಂದ. ಸಿಪಿಐ ಸಾಹೇಬ್ರೂ ಗಾಬರಿ ಆದ್ರು, ವಿಷದ ಮಾತು ನಮ್ಮ ಕಾಗದದಾಗ ಎಲ್ಲೂ ಇದ್ದಿಲ್ಲಲ್ರಿ. ಮಾಡಿದವಗಲ್ಲದ ಇದು ಗೊತ್ತಿರಾಕ ಸಾಧ್ಯ ಇಲ್ಲ ಅಂದ್ರು. ಇವತ್ತು ಜೈಲಿನಾಗ ಕೂತು ಯೋಚನಿ ಮಾಡು ಅಂತ ಜಡ್ಜ್ ಸಾಹೇಬ್ರು ಹೇಳ್ಯಾರ. ನಾಳೆ ಹನ್ನೊಂದಕ್ಕ ಅವ್ರ ಸ್ವತಃ ಹೇಳಿಕಿ ಬರಕೋತಾರಂತ."

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನ್ಯಾಯಾಧೀಶರೇ ಬರೆದುಕೊಂಡದ್ದು ನಿಲ್ಲುತ್ತದೆ. ವಿಷದ ಮಾತನ್ನು ಮಲ್ಲೇಶನಿಗೆ ಮಧ್ಯಾಹ್ನ ಲಾಕಪ್ಪಿನಲ್ಲಿ ಹೇಳಿಕೊಟ್ಟವಳು ಶೋಭಾರಾಣಿ.

ಅವಳು ಫೋನು ಕೆಳಗಿಳಿಸಿದಳು. ಮೆಹಜಬೀನಳದು ದೊಡ್ಡ ಗಂಟಲು. ಪ್ರತಿ ಮಾತೂ ಮೂವರಿಗೂ ಕೇಳಿಸಿತ್ತು.

"ಒಪ್ಪಿದನಂತ?" ಎಂದಳು ಮಾರೆವ್ವ.

ಶೋಭಾರಾಣಿ ಫೋನನ್ನು ಜೇಬಿಗೆ ಹಾಕಿದಳು.

"ಆ ಯಲಬುರ್ಗಿ ಕಡೆ ಹುಡುಗ. ಗಂಟೂ ನಾನ ಕಟ್ಟೀನಿ ಅಂದನಂತ?"

ಮುದುಕಿ ತನ್ನ ಹೆಬ್ಬೆರಳು ನೋಡಿಕೊಂಡಳು. ಆಮೇಲೆ ಸೀರೆಯ ಸೆರಗು ತೆಗೆದುಕೊಂಡು ಶಾಯಿಯನ್ನು ನಿಧಾನವಾಗಿ ಒರೆಸತೊಡಗಿದಳು. ಉಗುರಿನ ಸುತ್ತ, ಗೆರೆಗಳ ಸಂದಿಯಲ್ಲಿ, ಒಂದು ಚೂರೂ ಉಳಿಯದಂತೆ.

"ಯವ್ವಾ, ಗಂಟು ಕಟ್ಟಿದ್ದು ನೀವು. ಈಗ ನೀವ ಹೇಳಿದ್ರಿ."

"ಯಾವ ಗಂಟು?"

"ಸಾಬ್ರೂ ಕೇಳ್ಯಾರ."

"ಸಾಬಣ್ಣ ನಿನ್ನ ಕೈ ಕೆಳಗಿನವ. ನೀ ಹೇಳಿದ್ರ ಏನ್ ಬೇಕಾದ್ರೂ ಕೇಳೀನಿ ಅಂತಾನ." ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಒಬ್ಬ ಸತ್ತಾನ, ಒಬ್ಬ ಒಪ್ಯಾನ. ಸರಿ ಹೋತಲ್ಲ ತಂಗಿ. ಮತ್ತೊಬ್ಬರ್ಯಾಕ ಬೇಕು ನಿನಗ?"

"ಅವ ಮಾಡಿಲ್ಲ. ನಿಮಗ ಗೊತ್ತೈತಿ, ಮಾಡಿಲ್ಲ."

"ಮಾಡದನ ಯಾರರ ಒಪ್ತಾರೇನು?" ಮಾರೆವ್ವ ಅಕ್ಕಿಯನ್ನು ಒಮ್ಮೆ ಕೇರಿದಳು. "ನೀವು ಏನ್ ಮಾಡಿದ್ದಕ್ಕ ಒಪ್ಪಿದ, ಅದನ್ನ ಹೋಗಿ ಜಡ್ಜಿಗೆ ಹೇಳು. ನಾಳೆ ಹನ್ನೊಂದರ ತನಕ ಟೈಮ್ ಐತಂತಲ್ಲ."

ಶಬ್ಬೀರಸಾಬ ಕಾಗದವನ್ನು ಹಿಡಿದುಕೊಂಡೇ ಕೂತಿದ್ದ. ಕೆಳಗೆ ಹೆಬ್ಬೆಟ್ಟಿನ ಜಾಗ ಖಾಲಿ.

ಮುದುಕಿ ತಿರುಗದೆಯೇ, ಮುಚ್ಚಿದ್ದ ಒಳಬಾಗಿಲ ಕಡೆಗೆ ದನಿ ಎತ್ತಿದಳು.

"ಗಾದಿಲಿಂಗಾ, ಹೊರಗ ಬಾ. ಅವ ಒಪ್ಯಾನಂತ."

ಅಗುಳಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು. ಗಾದಿಲಿಂಗಪ್ಪ ಹೊಸ್ತಿಲಲ್ಲಿ ನಿಂತಿದ್ದ. ಹಣೆಯ ಮೇಲೆ ಬೆವರಿರಲಿಲ್ಲ. ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ತಾಯಿ ಅಂಗಳದಲ್ಲಿ ತೋಳು ಎತ್ತಲು ಒದ್ದಾಡಿದ್ದನ್ನು, ಶಾಯಿಗೆ ಬೆರಳು ಒತ್ತಿದ್ದನ್ನು, ಎಲ್ಲವನ್ನೂ ಅವನು ಬಾಗಿಲ ಸಂದಿಯಿಂದ ನೋಡಿದ್ದ.

"ಬಿಸಿಲಾಗ ಬಂದೀರಿ, ಮೇಡಂ," ಎಂದ. "ಉಂಡು ಹೋಗ್ರಿ."